ಮಾಮಿಯ ಪುಸ್ತಕ, ಮಗಳ ಕಂಪ್ಯೂಟರ್

ಮಗ್ರಿಬ್‌ನ ಹೊತ್ತು ಸಮೀಪಿಸುತ್ತಿತ್ತು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ, ಅಡುಗೆ ಮನೆಗೆ ಹೋಗಿ ಗ್ಯಾಸ್ ಆರಿಸಿ ಬಂದು ನೋಡುತ್ತೇನೆ, ನಮ್ಮ ಉಳಿತಾಯ ಸಂಘದ 46 ಮಹಿಳೆಯರ ಹೆಸರಿನ ಮುಂದೆಯೂ ಒಂದೇ ಮೊತ್ತ! 3,400 ರೂಪಾಯಿ. ಬೀಡಿ ಕಟ್ಟಿ ವಾರಕ್ಕೆ ಐವತ್ತು ರೂಪಾಯಿ ಕಟ್ಟುವವಳಿಗೂ ಅಷ್ಟೇ, ಗಲ್ಫ್‌ನಲ್ಲಿರುವ ಗಂಡನ ಹಣದಿಂದ ತಿಂಗಳಿಗೆ ಸಾವಿರ ಕಟ್ಟುವವಳಿಗೂ ಅಷ್ಟೇ. ನನ್ನ ಕೈಕಾಲು ತಣ್ಣಗಾಯಿತು. ಅದು ನನ್ನ ಹಣವಲ್ಲ, ಬಡ ಹೆಂಗಸರು ನನ್ನ ಮನೆಯವರನ್ನು ನಂಬಿ ಒಪ್ಪಿಸಿದ ಅಮಾನತ್ತು.

ಇದು ಹೇಗಾಯಿತೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2021ರಲ್ಲಿ ನನ್ನ ಮಗಳು ಬಿಸಿಎ ಎರಡನೇ ವರ್ಷದಲ್ಲಿದ್ದಳು. ಒಂದು ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ನನ್ನ ಪಕ್ಕ ಬಂದು ಕುಳಿತಳು. “ಉಮ್ಮಾ, ಇದು ನನ್ನಿಂದ ಆಗುವುದಿಲ್ಲ. ಏನು ಬರೆದರೂ ತಪ್ಪು ತಪ್ಪು ಎಂದೇ ತೋರಿಸುತ್ತದೆ. ಕಾಲೇಜು ಬಿಡುತ್ತೇನೆ” ಎಂದಳು. ಅದೇ ವಾರ ಅವಳಿಗೊಂದು ಸಂಬಂಧವೂ ಬಂದಿತ್ತು. “ಬಿಡಲಿ ಬಿಡಿ, ಕಲಿತದ್ದು ಸಾಕು” ಎನ್ನುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ನಾನು ಮದ್ರಸದಲ್ಲಿ ಕಲಿತವಳು, ಮದುವೆಯಾದ ಮೇಲೆ ಹೊರಗಿನಿಂದ ಬಿಎ ಕಟ್ಟಿದವಳು. ಕಂಪ್ಯೂಟರಿನ ಗಂಧ ಗಾಳಿ ನನಗಿರಲಿಲ್ಲ. ಆದರೆ ಸೋತೆನೆಂದು ಕುಳಿತ ಹುಡುಗಿಯ ನೋವು ಗೊತ್ತಿತ್ತು. “ನಾಳೆಯಿಂದ ನೀನು ನನಗೆ ಕಲಿಸು. ನನಗೆ ಅರ್ಥವಾಗದಿದ್ದರೆ ಆಗ ಬಿಡುವ ಮಾತಾಡೋಣ” ಎಂದೆ.

ಏನು ಮಾಡುವುದೆಂದು ಯೋಚಿಸಿದಾಗ ಸಂಘದ ಲೆಕ್ಕ ನೆನಪಾಯಿತು. ನನ್ನ ಅತ್ತೆ, ಮಾಮಿ, ಅದರ ಖಜಾಂಚಿ. ನಾಲ್ಕನೇ ಕ್ಲಾಸು ಓದಿದವರು. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ನೀಲಿ ಪೆನ್ನಿನಿಂದ ಪ್ರತಿಯೊಬ್ಬರ ಕಂತು ಬರೆಯುತ್ತಿದ್ದರು. ಅದನ್ನೇ ಕಂಪ್ಯೂಟರಿಗೆ ಹಾಕೋಣವೆಂದು ನಿರ್ಧರಿಸಿದೆವು.

ಮೊದಲ ದಿನವೇ ಎಡವಿದೆವು. ಮಗಳು ಬರೆದ ಪಿಎಚ್‌ಪಿ ಕಡತವನ್ನು ನಾನು ಎರಡು ಸಲ ಒತ್ತಿ ತೆರೆದರೆ, ಬರೆದ ಅಕ್ಷರಗಳೇ ಪರದೆಯ ಮೇಲೆ ಬಂದವು. ಎಚ್‌ಟಿಎಂಎಲ್ ಪುಟವನ್ನು ಬ್ರೌಸರ್ ತಾನೇ ಓದಿ ತೋರಿಸುತ್ತದೆ. ಪಿಎಚ್‌ಪಿ ಹಾಗಲ್ಲ, ಅದನ್ನು ಮೊದಲು ಸರ್ವರ್ ಓದಿ, ಉತ್ತರವನ್ನು ಮಾತ್ರ ಬ್ರೌಸರಿಗೆ ಕಳಿಸಬೇಕು. ಮನೆಯ ಕಂಪ್ಯೂಟರಿನಲ್ಲಿ ಎಕ್ಸಾಂಪ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಅದೇ ಸರ್ವರ್ ಆಗುತ್ತದೆ. ಕಡತವನ್ನು ಅದರ ‘ಎಚ್‌ಟಿಡಾಕ್ಸ್’ ಫೋಲ್ಡರಿನಲ್ಲಿಟ್ಟು, ವಿಳಾಸದ ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದು ತೆರೆಯಬೇಕು.

ಎರಡನೇ ದಿನ 13ನೇ ಸಾಲಿನಲ್ಲಿ ತಪ್ಪಿದೆ ಎಂದಿತು. ಆ ಸಾಲನ್ನು ಇಬ್ಬರೂ ಹತ್ತು ಸಲ ಓದಿದೆವು. ಏನೂ ತಪ್ಪಿರಲಿಲ್ಲ. ಕೊನೆಗೆ ನೋಡಿದರೆ 12ನೇ ಸಾಲಿನ ತುದಿಯಲ್ಲಿ ಸೆಮಿಕೋಲನ್ ಬಿಟ್ಟುಹೋಗಿತ್ತು. ವಾಕ್ಯ ಮುಗಿದಿಲ್ಲವೆಂದು ತಿಳಿದು ಕಂಪ್ಯೂಟರ್ ಮುಂದಕ್ಕೆ ಓದುತ್ತಾ ಹೋಗಿ, ಅರ್ಥವಾಗದ ಜಾಗದಲ್ಲಿ ನಿಂತು ಕೂಗಿಕೊಂಡಿತ್ತು. ನನಗೆ ನಗು ಬಂತು. ಮದ್ರಸದಲ್ಲಿ ಮೊದಲು ಕಲಿಸುವ ‘ಬಾ’, ‘ತಾ’, ‘ಸಾ’ ಅಕ್ಷರಗಳ ಆಕಾರ ಒಂದೇ. ಚುಕ್ಕಿ ಕೆಳಗೋ ಮೇಲೋ, ಎಷ್ಟು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಒಂದು ಚುಕ್ಕಿ ತಪ್ಪಿದರೆ ಪದವೇ ಬೇರೆ. “ನೋಡು, ಇದು ನಿನ್ನ ದಡ್ಡತನವಲ್ಲ, ಚುಕ್ಕಿಯ ತಪ್ಪು” ಎಂದೆ. ತಪ್ಪು ತೋರಿಸಿದ ಸಾಲಿನ ಜತೆ ಅದರ ಮೇಲಿನ ಸಾಲನ್ನೂ ಓದಬೇಕೆಂಬುದು ನಮ್ಮ ಮೊದಲ ಪಾಠವಾಯಿತು.

ಮುಂದಿನ ತೊಂದರೆ ಪುಸ್ತಕದ್ದು. ಸಂಬಂಧಿಕರೊಬ್ಬರ ಮನೆಯಿಂದ ತಂದ ಹಳೆಯ ಪುಸ್ತಕದಲ್ಲಿದ್ದಂತೆಯೇ ‘ಮೈಎಸ್‌ಕ್ಯುಎಲ್ ಕನೆಕ್ಟ್’ ಎಂದು ಬರೆದರೆ, ಅಂಥದ್ದೊಂದು ಇಲ್ಲವೇ ಇಲ್ಲ ಎಂದಿತು. 2015ರ ಡಿಸೆಂಬರಿನಲ್ಲಿ ಪಿಎಚ್‌ಪಿಯ 7ನೇ ಆವೃತ್ತಿ ಬಂದಾಗ ಆ ಹಳೆಯ ಆಜ್ಞೆಗಳನ್ನು ತೆಗೆದುಹಾಕಿದ್ದಾರೆ. ಅದರ ಬದಲಿಗೆ ‘ಮೈಎಸ್‌ಕ್ಯುಎಲ್‌ಐ’ ಅಥವಾ ‘ಪಿಡಿಓ’ ಬಳಸಬೇಕು. ಎಷ್ಟೋ ಮಕ್ಕಳು ಹಳೆಯ ಪುಸ್ತಕ ನೋಡಿ ಬರೆದು, ಕೆಲಸ ಮಾಡದಿದ್ದಾಗ ತಮ್ಮ ತಲೆಯನ್ನೇ ದೂರುತ್ತಾರೆ.

ಆಮೇಲೆ ಅರ್ಜಿಯ ಪುಟ. ಹೆಸರು ತುಂಬಿ ಕಳಿಸಿದರೆ ಆ ಕಡೆ ಏನೂ ತಲುಪುತ್ತಿರಲಿಲ್ಲ. ಮಗಳು ಪೂರ್ತಿ ಅಳಿಸಿ ಮೊದಲಿನಿಂದ ಬರೆಯಲು ಹೊರಟಳು. ನಾನು ತಡೆದೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಮನೆಯ ಪೈಪನ್ನೆಲ್ಲ ಅಗೆಯುತ್ತೇವೆಯೇ? ಬಾವಿಯಲ್ಲಿ ನೀರಿದೆಯೇ, ಪಂಪು ಓಡುತ್ತಿದೆಯೇ, ಟ್ಯಾಂಕಿಗೆ ಬಿದ್ದಿದೆಯೇ ಎಂದು ಒಂದೊಂದಾಗಿ ನೋಡುತ್ತೇವೆ. ಹಾಗೆಯೇ ಅರ್ಜಿಯಿಂದ ಬಂದದ್ದನ್ನು ಮೊದಲು ಪರದೆಯ ಮೇಲೆ ಮುದ್ರಿಸಿ ನೋಡಿದೆವು. ಅಲ್ಲೇ ಖಾಲಿ. ಅಂದರೆ ದೋಷ ಡಾಟಾಬೇಸಿನದ್ದಲ್ಲ, ಅರ್ಜಿಯದ್ದು. ಹೆಸರು ಬರೆಯುವ ಚೌಕಕ್ಕೆ ಮಗಳು ‘ಐಡಿ’ ಕೊಟ್ಟಿದ್ದಳು, ‘ನೇಮ್’ ಕೊಟ್ಟಿರಲಿಲ್ಲ. ‘ನೇಮ್’ ಇಲ್ಲದ ಚೌಕದಲ್ಲಿ ಬರೆದದ್ದನ್ನು ಬ್ರೌಸರ್ ಸರ್ವರಿಗೆ ಕಳಿಸುವುದೇ ಇಲ್ಲ. ವಿಳಾಸವಿಲ್ಲದ ಲಕೋಟೆಯಂತೆ ಅದು ಅಲ್ಲೇ ಉಳಿಯುತ್ತದೆ.

ಹೆಸರುಗಳು ತಲುಪಿದವು. ಆದರೆ ಕನ್ನಡದಲ್ಲಿ ಬರೆದ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಸಾಲುಗಟ್ಟಿ ನಿಂತವು! ಹಳೆಯ ಪುಸ್ತಕ ನೋಡಿ ಕೋಷ್ಟಕ ಮಾಡುವಾಗ ‘ಲ್ಯಾಟಿನ್-1’ ಎಂಬ ಲಿಪಿ ಸಂಕೇತ ಬರೆದಿದ್ದೆವು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಕೋಷ್ಟಕಕ್ಕೂ, ಡಾಟಾಬೇಸಿನ ಸಂಪರ್ಕಕ್ಕೂ ‘ಯುಟಿಎಫ್8ಎಂಬಿ4’ ಎಂದು ಕೊಟ್ಟ ಮೇಲೆ ಸರಿಯಾಯಿತು. ಆದರೆ ಒಮ್ಮೆ ಪ್ರಶ್ನಾರ್ಥಕವಾಗಿ ಉಳಿತಾಯವಾದ ಹೆಸರು ಮರಳಿ ಬರುವುದಿಲ್ಲ, ಮತ್ತೆ ಬರೆಯಲೇಬೇಕು.

ಇನ್ನೊಂದು ದಿನ ಎಲ್ಲರ ಮೊಬೈಲ್ ಸಂಖ್ಯೆಯೂ 2147483647 ಎಂದು ಬಂತು. ಮಾಮಿ ಕನ್ನಡಕ ಸರಿಪಡಿಸಿಕೊಂಡು, “ಇದು ಯಾರ ನಂಬರ್? ಊರಿಗೆಲ್ಲ ಒಂದೇ ಫೋನಾ?” ಎಂದು ಕೇಳಿದರು. ‘ಇಂಟ್’ ಎಂಬ ಅಂಕಿಯ ಕಾಲಂನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ ಅದು. ನಮ್ಮ ಮೊಬೈಲ್ ಸಂಖ್ಯೆಗಳು ಅದಕ್ಕಿಂತ ದೊಡ್ಡವು. ನಮ್ಮ ಕಂಪ್ಯೂಟರಿನಲ್ಲಿದ್ದ ವ್ಯವಸ್ಥೆ ಎಲ್ಲವನ್ನೂ ಆ ಮಿತಿಗೆ ಕತ್ತರಿಸಿಟ್ಟಿತ್ತು. ಕೂಡುವ ಕಳೆಯುವ ಅಗತ್ಯವಿಲ್ಲದ ಸಂಖ್ಯೆಯನ್ನು ಅಕ್ಷರವೆಂದೇ ಇಡಬೇಕು. ಹಣಕ್ಕೆ ಮಾತ್ರ ‘ಡೆಸಿಮಲ್’ ಎಂಬ ಬಗೆ. ಅದರಲ್ಲಿ ಪೈಸೆ ಆಚೀಚೆಯಾಗದು.

ನೆರೆಮನೆಯ ಕ್ರೈಸ್ತ ಸಹೋದರಿಯೊಬ್ಬರೂ ಸಂಘದಲ್ಲಿದ್ದಾರೆ. ಡಿ'ಸೋಜ ಎಂಬ ಅವರ ಮನೆತನದ ಹೆಸರಿನಲ್ಲಿ ‘ಡಿ’ ಆದ ಮೇಲೊಂದು ಕೊಕ್ಕೆ ಚಿಹ್ನೆಯಿದೆ. ಅವರ ಹೆಸರು ಹಾಕಿದೊಡನೆ ಕಂಪ್ಯೂಟರ್ ಮುಷ್ಕರ ಹೂಡಿತು. ಡಾಟಾಬೇಸಿಗೆ ಆ ಚಿಹ್ನೆಯೆಂದರೆ ಮಾತು ಮುಗಿಯಿತೆಂದು ಅರ್ಥ. ಉಳಿದ ‘ಸೋಜ’ವನ್ನು ಅದು ಆಜ್ಞೆಯೆಂದು ಓದಲು ಹೊರಟಿತ್ತು. ಕೇಡಿಗರು ಇದೇ ದಾರಿಯಿಂದ ನುಗ್ಗಿ ಡಾಟಾಬೇಸನ್ನು ಹಾಳುಗೆಡವುತ್ತಾರಂತೆ. ಆಜ್ಞೆಯನ್ನು ಮೊದಲು ಸಿದ್ಧಪಡಿಸಿ, ಬರುವ ಹೆಸರನ್ನು ಬೇರೆಯಾಗಿ ಕಳಿಸುವ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ವಿಧಾನ ಎರಡಕ್ಕೂ ಮದ್ದು.

ಈಗ ಆ ಸಂಜೆಯ ಕಥೆಗೆ ಬರುತ್ತೇನೆ. ಅಷ್ಟು ಹೊತ್ತಿಗೆ ನನಗೂ ಸ್ವಲ್ಪ ಧೈರ್ಯ ಬಂದಿತ್ತು. 17ನೇ ಸದಸ್ಯೆ 200 ರೂಪಾಯಿ ಕಟ್ಟಿದ್ದರು. ಅವರ 3,200ನ್ನು 3,400 ಮಾಡುವ ಪುಟವನ್ನು ನಾನೇ ಬರೆದೆ. ತಪ್ಪು ತೋರಿಸಿತು. ಎಲ್ಲಿ ತಪ್ಪೆಂದು ಹುಡುಕಲು ಆಜ್ಞೆಯ ಕೊನೆಯ ಭಾಗವನ್ನು ತೆಗೆದು ಒತ್ತಿದೆ. ಆ ಕೊನೆಯ ಭಾಗವೇ ‘ವೇರ್’, ಅಂದರೆ ‘17ನೇ ಸದಸ್ಯೆಗೆ ಮಾತ್ರ’ ಎಂಬ ಮಾತು. ಅದಿಲ್ಲದ ‘ಅಪ್‌ಡೇಟ್’ ಎಲ್ಲ ಸಾಲುಗಳನ್ನೂ ಬದಲಿಸಿಬಿಡುತ್ತದೆ. ‘ನಿಜಕ್ಕೂ ಮಾಡಲೇ?’ ಎಂದು ಅದು ಕೇಳಲಿಲ್ಲ. ನಾನು ನಕಲು ಪ್ರತಿಯನ್ನೂ ತೆಗೆದಿಟ್ಟಿರಲಿಲ್ಲ.

ಮಾಮಿಯ ಮುಂದೆ ಹೋಗಿ ನಿಂತೆ. ಹೇಳುವಾಗ ಸ್ವರ ನಡುಗಿತು. ಅವರು ಗದರಲಿಲ್ಲ. ಕಪಾಟಿನಿಂದ ತಮ್ಮ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, “ನೀವು ಕಂಪ್ಯೂಟರ್ ತಂದಿರೆಂದು ನಾನು ಬರೆಯುವುದನ್ನು ಬಿಟ್ಟಿದ್ದೇನೆಯೇ?” ಎಂದು ಕೇಳಿದರು. ಆ ದಿನದ 200 ರೂಪಾಯಿಯೂ ಅದರಲ್ಲಿತ್ತು.

ಅಂದು ರಾತ್ರಿ ಇಶಾ ಕಳೆದು ಕುಳಿತೆವು. ಮಾಮಿ ಓದಿದರು, ಮಗಳು ಟೈಪ್ ಮಾಡಿದಳು, ನಾನು ಗೆರೆ ಎಳೆದು ಗುರುತು ಹಾಕಿದೆ. ಓದುತ್ತಿದ್ದಂತೆ ಮಗಳು ಫಕ್ಕನೆ ನಿಲ್ಲಿಸಿದಳು. “ಉಮ್ಮಾ, ನಾವು ಮೊದಲಿನಿಂದಲೇ ತಪ್ಪಿದ್ದೇವೆ” ಎಂದಳು. ನಾವು ಪ್ರತಿಯೊಬ್ಬರ ಒಟ್ಟು ಮೊತ್ತವೊಂದನ್ನೇ ಇಟ್ಟು, ಪ್ರತಿ ಸಲ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಿದ್ದೆವು. ಮಾಮಿ ಹಾಗೆ ಮಾಡಿರಲಿಲ್ಲ. ಪ್ರತಿ ಕಂತಿಗೂ ಹೊಸ ಸಾಲು: ದಿನಾಂಕ, ಹೆಸರು, ಹಣ. ತಪ್ಪು ಬರೆದಿದ್ದರೂ ಅಳಿಸದೆ, ಕೆಳಗೆ ಸರಿಪಡಿಸಿದ ಸಾಲು. ಕಂಪ್ಯೂಟರಿನಲ್ಲೂ ಮಾಡಬೇಕಾದದ್ದು ಅದನ್ನೇ. ಸದಸ್ಯೆಯರಿಗೊಂದು ಕೋಷ್ಟಕ, ಕಂತುಗಳಿಗೆ ಇನ್ನೊಂದು. ಒಟ್ಟು ಬೇಕಾದಾಗ ‘ಸಮ್’ ಎಂದು ಕೇಳಿದರೆ ಕೂಡಿಸಿ ಕೊಡುತ್ತದೆ. ನಾಲ್ಕನೇ ಕ್ಲಾಸಿನ ಮಾಮಿ ಬಿಸಿಎ ಓದುವ ಮೊಮ್ಮಗಳಿಗೆ ಡಾಟಾಬೇಸಿನ ಪಾಠ ಮಾಡಿದ್ದರು.

ಮೂರನೇ ರಾತ್ರಿ ಎಲ್ಲ ಮುಗಿದು ಮೊತ್ತ ತಾಳೆ ನೋಡುವಾಗ ಒಬ್ಬ ವಿಧವೆಯ ಲೆಕ್ಕದಲ್ಲಿ 100 ರೂಪಾಯಿ ವ್ಯತ್ಯಾಸ ಬಂತು. ಮತ್ತೆ ಮತ್ತೆ ನೋಡಿದೆವು. ಈ ಬಾರಿ ತಪ್ಪು ಕಂಪ್ಯೂಟರಿನದ್ದಲ್ಲ, ಪುಟ ತಿರುಗಿಸುವಾಗ ಮಾಮಿಯೇ ಮೊತ್ತವನ್ನು ಕಡಿಮೆ ಬರೆದಿದ್ದರು. ಮಾಮಿ ಬಹಳ ಹೊತ್ತು ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಆಕೆಯ ಮನೆಗೆ ತಾವೇ ನಡೆದು ಹೋಗಿ, ವಿಷಯ ಹೇಳಿ, ಪುಸ್ತಕದಲ್ಲಿ ತಿದ್ದುಪಡಿಯ ಸಾಲು ಬರೆದು ಸಹಿ ಹಾಕಿಸಿಕೊಂಡು ಬಂದರು. “ಇನ್ನು ಎರಡೂ ಇರಲಿ” ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಕೆಲವು ನಿಯಮಗಳಿವೆ. ಯಾವುದನ್ನೇ ಬದಲಿಸುವ ಮೊದಲು ಅದೇ ‘ವೇರ್’ ಇಟ್ಟು ‘ಸೆಲೆಕ್ಟ್’ ಮಾಡಿ, ಎಷ್ಟು ಸಾಲು ಬರುತ್ತದೆಂದು ನೋಡುತ್ತೇವೆ. ಒಂದು ಬರಬೇಕಾದಲ್ಲಿ 46 ಬಂದರೆ ಅಲ್ಲೇ ನಿಲ್ಲುತ್ತೇವೆ. ಪರೀಕ್ಷಿಸಲು ನಿಜವಾದ ಲೆಕ್ಕವನ್ನು ಮುಟ್ಟದೆ, ನಕಲು ಪ್ರತಿ ಬಳಸುತ್ತೇವೆ. ಪ್ರತಿ ಶುಕ್ರವಾರ ‘ಎಕ್ಸ್‌ಪೋರ್ಟ್’ ಮಾಡಿ ಪೆನ್‌ಡ್ರೈವಿಗೆ ಹಾಕಿ ಮಾಮಿಯ ಕಪಾಟಿನಲ್ಲಿಡುತ್ತೇವೆ.

ಮಗಳು ಪ್ರಾಯೋಗಿಕ ಪರೀಕ್ಷೆಯಲ್ಲಿ ಪಾಸಾದಳು, 2023ರಲ್ಲಿ ಪದವಿಯನ್ನೂ ಮುಗಿಸಿದಳು. ಆಗ ಬಂದ ಸಂಬಂಧ ತಪ್ಪಿಹೋಯಿತು, ಅದಕ್ಕೆ ನಮಗೆ ಬೇಸರವಿಲ್ಲ. ಅವಳೇ ಒಮ್ಮೆ ನನಗೆ ಹೇಳಿದ ಸಂಗತಿಯಿದು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನಲ್ಲಿ ಮಾರ್ಕ್-2 ಎಂಬ ದೊಡ್ಡ ಗಣಕಯಂತ್ರ ಕೆಟ್ಟಾಗ, ಒಳಗೆ ಪತಂಗವೊಂದು ಸಿಕ್ಕಿಕೊಂಡಿತ್ತಂತೆ. ಅಲ್ಲಿನವರು ಆ ಪತಂಗವನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ, ಸಿಕ್ಕಿದ ‘ಬಗ್’ ಇದೇ ಎಂದು ಬರೆದಿಟ್ಟರು. ಆ ಪುಟ ಇಂದಿಗೂ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ. ದೊಡ್ಡ ವಿದ್ವಾಂಸರೂ ತಪ್ಪನ್ನು ಮುಚ್ಚಿಡಲಿಲ್ಲ, ದಿನಾಂಕ ಹಾಕಿ ಬರೆದಿಟ್ಟರು.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಕಂಪ್ಯೂಟರಿನ ಮುಂದೆ ಕುಳಿತು ಕಣ್ಣೀರಿಡುವ ಮಗಳೋ ಮಗನೋ ಇರಬಹುದು. ನಿಮಗೆ ಆ ವಿದ್ಯೆ ಗೊತ್ತಿರಬೇಕೆಂದಿಲ್ಲ. ಪಕ್ಕದಲ್ಲಿ ಕುಳಿತು, “ನೀನು ಬರೆದದ್ದನ್ನು ನನಗೆ ಒಂದೊಂದೇ ಸಾಲಾಗಿ ಓದಿ ಹೇಳು” ಎನ್ನಿ. ಓದಿ ಹೇಳುವಾಗಲೇ ಎಷ್ಟೋ ತಪ್ಪುಗಳನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ನನ್ನ ಮಗಳು ಹಾಗೆಯೇ ಕಂಡುಕೊಂಡಳು.