ಕಾರ್ಖಾನೆಯ ವೈದ್ಯನ ಋಣ

1970ರ ದಶಕದ ಆದಿಭಾಗದಲ್ಲಿ ನಾನು ಬೆಂಗಳೂರಿನ ಹೊರವಲಯದ ಎರಕದ ಕಾರ್ಖಾನೆಯೊಂದರ ಚಿಕಿತ್ಸಾಲಯವನ್ನು ಸೇರಿದ ಕಾಲಕ್ಕೆ ‘ಕಂಪನಿ ಡಾಕ್ಟರಿ’ಗೆಂದು ಪ್ರತ್ಯೇಕವಾದ ನೀತಿಪಾಠವಿರಲಿಲ್ಲ. ಕಾಲೇಜಿನಲ್ಲಿ ನಾವು ಕೇಳಿದ ವೈದ್ಯನೀತಿಯ ಉಪನ್ಯಾಸಗಳಲ್ಲಿ ವೈದ್ಯ, ರೋಗಿ ಎಂಬ ಇಬ್ಬರೇ ಇದ್ದರಲ್ಲದೆ, ವೈದ್ಯನಿಗೆ ಸಂಬಳ ಕೊಡುವ ಮೂರನೆಯವನ ಪ್ರಸ್ತಾಪವೇ ಬಂದಿರಲಿಲ್ಲ.

ಆ ಮೂರನೆಯವನ ಪ್ರಭಾವವು ಎಕ್ಸ್‌ರೇ ಚಿತ್ರಗಳು ಬಂದ ದಿನ ಗೋಚರವಾಗುತ್ತಿದ್ದಿತು. ಕೋಲಾರದ ಚಿನ್ನದ ಗಣಿಗಳಲ್ಲಿ ಬಹು ಹಿಂದೆಯೇ ಗುರುತಿಸಲ್ಪಟ್ಟಿದ್ದ ಸಿಲಿಕೋಸಿಸ್, ಎಂದರೆ ಸಿಲಿಕಾ ಧೂಳಿನಿಂದ ಬರುವ ರೋಗ, ಎರಕಗಳನ್ನು ಉಜ್ಜಿ ಶುಚಿಗೊಳಿಸುವ ಫೆಟ್ಲಿಂಗ್ ವಿಭಾಗದ ಯಾವನಾದರೊಬ್ಬನ ಶ್ವಾಸಕೋಶದಲ್ಲಿ ಕಂಡಿತೆಂದರೆ, ಆಡಳಿತದವರು ಅವನ ಕಡತವನ್ನೇ ತರಿಸಿಕೊಂಡು ಓದುತ್ತಿದ್ದರು; ಇತ್ತ ಆ ಕೆಲಸಗಾರನು, “ಟಿ.ಬಿ. ಅಂತ ಬರೆದುಬಿಡಿ ಸ್ವಾಮಿ, ಕೆಲಸ ಹೋದರೆ ಮನೆ ನಡೆಯೋದಿಲ್ಲ” ಎಂದು ಕೈಮುಗಿಯುತ್ತಿದ್ದನು. ಕ್ಷಯವೆಂದು ಬರೆದರೆ ಅದು ಉದ್ಯೋಗದಿಂದ ಬಂದ ರೋಗವೆನಿಸದಾದ್ದರಿಂದ ಆಡಳಿತಕ್ಕೂ ಅದು ಸಮ್ಮತವೇ. ಆದರೆ ಇಂಥ ರೋಗದ ಶಂಕೆಯುಂಟಾದರೂ ಸಾಕು, ವೈದ್ಯನು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ವಿಳಂಬವಿಲ್ಲದೆ ವರದಿ ಮಾಡತಕ್ಕದ್ದೆಂದು 1948ರ ಕಾರ್ಖಾನೆಗಳ ಕಾಯಿದೆಯ 89ನೆಯ ಪ್ರಕರಣವು ವಿಧಿಸಿದ್ದಿತು. ದಯೆ, ಅನ್ನದ ಋಣ, ಶಾಸನ, ಈ ಮೂರೂ ಮೂರು ಕಡೆಗೆ ಎಳೆಯುತ್ತಿರಲು, ಎಲ್ಲಿ ನಿಲ್ಲಬೇಕೆಂಬುದನ್ನು ಪ್ರತಿಯೊಬ್ಬ ವೈದ್ಯನೂ ತನಗೆ ತೋಚಿದಂತೆ ನಿಶ್ಚಯಿಸಿಕೊಳ್ಳಬೇಕಾಗಿದ್ದಿತು.

1984ರ ಭೋಪಾಲದ ದುರಂತದ ತರುವಾಯ ಗಾಳಿ ತಿರುಗಿತು. ಕಾರ್ಖಾನೆಗಳ ಕಾಯಿದೆಯ 1987ರ ತಿದ್ದುಪಡಿಯು ಅಪಾಯಕರ ಪ್ರಕ್ರಿಯೆಗಳಲ್ಲಿ ದುಡಿಯುವವರ ಆರೋಗ್ಯ ದಾಖಲೆಗಳು ಅವರಿಗೇ ದೊರೆಯಬೇಕೆಂದಿತು. ಔದ್ಯೋಗಿಕ ಆರೋಗ್ಯದ ಅಂತರರಾಷ್ಟ್ರೀಯ ಆಯೋಗವು 1992ರಲ್ಲಿ ಪ್ರಕಟಿಸಿದ ನೀತಿಸಂಹಿತೆಯು ವೈದ್ಯನ ಸ್ವಾತಂತ್ರ್ಯವನ್ನೂ ರೋಗಿಯ ಗೋಪ್ಯವನ್ನೂ ಸ್ಪಷ್ಟವಾಗಿ ಎತ್ತಿಹಿಡಿಯಿತು. ಅನಂತರ ನಾನು ಭಾಗವಹಿಸಿದ ತರಬೇತಿಗಳಲ್ಲಿ ಉಪದೇಶಕ್ಕಿಂತ ವಿಚಾರವೇ ಹೆಚ್ಚಾಗಿದ್ದಿತು: ಮೇಲಿನಂತಹ ಪ್ರಸಂಗವೊಂದನ್ನು ಮುಂದಿಟ್ಟು, ಯಾರಿಗೆ ಎಷ್ಟನ್ನು ತಿಳಿಸಬೇಕೆಂದು ತರುಣ ವೈದ್ಯರಿಂದ ಬರೆಯಿಸಿ, ಬರೆದುದನ್ನು ಚರ್ಚಿಸುತ್ತಿದ್ದರು. ಕೆಲಸಗಾರನಿಗೆ ಸಮಸ್ತವನ್ನೂ, ನಿರೀಕ್ಷಕರಿಗೆ ರೋಗದ ಹೆಸರನ್ನೂ, ಆಡಳಿತಕ್ಕೆ ಅವನು ಯಾವ ಕೆಲಸಕ್ಕೆ ಅರ್ಹನೆಂಬುದನ್ನು ಮಾತ್ರವೂ ತಿಳಿಸುವುದೆಂಬ ವಿವೇಕವು ಹೀಗೆ ಬಲಿಯಿತು. ನಮ್ಮ ಚಿಕಿತ್ಸಾಲಯದ ಕಡತಗಳು ಬೀಗದ ಕಪಾಟನ್ನು ಸೇರಿದುದೂ ಆಗಲೇ.

ಆದರೂ ಈ ಶಿಕ್ಷಣವು ಅರ್ಧವೇ ಆಗಿದೆ. ಗುತ್ತಿಗೆಯ ಮೇಲೆ ಬಂದುಹೋಗುವ ವೈದ್ಯನು ಎಷ್ಟೇ ನೀತಿಜ್ಞನಾಗಿದ್ದರೂ, ಅವನ ಗುತ್ತಿಗೆಯನ್ನು ನವೀಕರಿಸುವ ಕೈ ಆ ಪಾಠವನ್ನು ಕಲಿತಿಲ್ಲ. ವೈದ್ಯರನ್ನು ಕೂರಿಸುವ ತರಗತಿಗಳಲ್ಲಿ ಇನ್ನು ಮುಂದೆ ವ್ಯವಸ್ಥಾಪಕರನ್ನೂ ಕೂರಿಸಬೇಕು.