ವಾಲ್ಕೂರಿನಲ್ಲಿ ಕಂಡ ಹಿಮವಾಹನ

ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿ, ಮಾಂಟ್ರಿಯಲ್ ಮಹಾನಗರದ ಪೂರ್ವಕ್ಕೆ ನೂರು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ ವಾಲ್ಕೂರ್ ಎಂಬ ಚಿಕ್ಕ ಊರಿದೆ. ಅಲ್ಲಿಯ ಜನರ ನುಡಿ ಫ್ರೆಂಚ್. ಸುತ್ತಲೂ ಮೇಪಲ್ ಮರಗಳ ತೋಪುಗಳು, ಹಾಲಿನ ಹಸುಗಳನ್ನು ಸಾಕಿಕೊಂಡಿರುವ ಒಕ್ಕಲು ಮನೆಗಳು. ನಾವು ಅಲ್ಲಿಗೆ ಹೋದದ್ದು ಮಾಘಮಾಸದಲ್ಲಿ. ನಮ್ಮ ನಾಡಿನಲ್ಲಿ ಜೋಳದ ತೆನೆ ಬಲಿಯುವ ಆ ದಿನಗಳಲ್ಲಿ ಅಲ್ಲಿಯ ಹೊಲಗಳು ಸೊಂಟದ ಮಟ್ಟದ ಹಿಮದಡಿಯಲ್ಲಿ ಮಲಗಿದ್ದವು. ಬೇಲಿಯ ಗೂಟಗಳ ತುದಿಯಷ್ಟೇ ಕಾಣುತ್ತಿತ್ತು.

ಇಂತಹ ಊರಿನ ಹೆಸರು ಲೋಕಕ್ಕೆ ತಿಳಿದದ್ದು ಹಿಮದ ಮೇಲೆ ಓಡುವ ವಾಹನದಿಂದ. ಜೋಸೆಫ್ ಅರ್ಮಾನ್ ಬೊಂಬಾರ್ಡಿಯೇ ಎಂಬಾತ ೧೯೦೭ರಲ್ಲಿ ಇಲ್ಲಿ ಜನಿಸಿದನು. ಹುಡುಗನಿಗೆ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹಂಬಲ. ತನ್ನ ಕಾರುಗಳಿಗೆ ಕೈಹಾಕದಿರಲೆಂದು ತಂದೆ ಅವನಿಗೆ ಕೆಟ್ಟುಹೋದ ಹಳೆಯ ಫೋರ್ಡ್ ಎಂಜಿನ್ ಒಂದನ್ನು ಕೊಟ್ಟನಂತೆ. ೧೯೨೨ರ ಡಿಸೆಂಬರ್ ಕೊನೆಯ ದಿನ ಹದಿನೈದರ ಆ ಬಾಲಕ ಅದೇ ಎಂಜಿನ್ನಿಗೆ ವಿಮಾನದ ಪಂಖದಂತಹ ಚಕ್ರ ಜೋಡಿಸಿ, ಜಾರುಬಂಡಿಯ ಮೇಲೆ ಕೂರಿಸಿ, ತಮ್ಮನೊಡನೆ ಊರಿನ ಬೀದಿಯಲ್ಲಿ ಓಡಿಸಿದನು. ಅಪಾಯಕ್ಕೆ ಅಂಜಿದ ತಂದೆ ಅದನ್ನು ಬಿಚ್ಚಿಹಾಕಿಸಿದನು.

ಮುಂದಿನ ಘಟನೆ ಕರುಳು ಹಿಂಡುವಂಥದು. ಆ ಕಾಲದಲ್ಲಿ ಕ್ವಿಬೆಕ್ಕಿನ ಹಳ್ಳಿಗಳ ರಸ್ತೆಗಳನ್ನು ಚಳಿಗಾಲದಲ್ಲಿ ತೆರವುಗೊಳಿಸುತ್ತಿರಲಿಲ್ಲ. ಪ್ರಯಾಣಕ್ಕೆ ಕುದುರೆಯ ಜಾರುಬಂಡಿಯೇ ಗತಿ. ೧೯೩೪ರ ಚಳಿಗಾಲದಲ್ಲಿ ಬೊಂಬಾರ್ಡಿಯೇಯ ಎರಡು ವರ್ಷದ ಮಗುವಿಗೆ ಹೊಟ್ಟೆಯೊಳಗಿನ ಸೋಂಕು ಉಲ್ಬಣಿಸಿತು. ಆಸ್ಪತ್ರೆಗೆ ಒಯ್ಯಲು ದಾರಿಯಿಲ್ಲ. ಆತನ ಕಾರ್ಯಾಗಾರದಲ್ಲಿದ್ದ ಹಿಮವಾಹನವಿನ್ನೂ ಪೂರ್ಣಗೊಂಡಿರಲಿಲ್ಲ. ಮಗು ಉಳಿಯಲಿಲ್ಲ. ತಂದೆ ದುಃಖದಲ್ಲಿ ಕೈಚೆಲ್ಲಿ ಕೂರದೆ ದುಡಿದನು. ಹಲ್ಲುಚಕ್ರ ಮತ್ತು ರಬ್ಬರ್ ಪಟ್ಟಿಯ ಚಾಲನಾವಿಧಾನಕ್ಕೆ ೧೯೩೭ರಲ್ಲಿ ಪೇಟೆಂಟ್ ಪಡೆದು, ಏಳು ಜನ ಕೂರಬಲ್ಲ ಹಿಮಬಂಡಿಯನ್ನು ಹೊರತಂದನು. ಮುಂದೆ ೧೯೫೯ರಲ್ಲಿ ಒಬ್ಬಿಬ್ಬರು ಸವಾರಿ ಮಾಡುವ ಸ್ಕಿ-ಡೂ ಬಂದಿತು. ೧೯೬೪ರಲ್ಲಿ ಆತ ತೀರಿಕೊಂಡನು. ಆತನ ಹೆಸರಿನ ವಸ್ತುಸಂಗ್ರಹಾಲಯ ವಾಲ್ಕೂರಿನಲ್ಲಿದೆ.

ಆ ಸಂಗ್ರಹಾಲಯವನ್ನು ನೋಡಿಕೊಂಡು ಹೊರಬಂದಾಗ ನಮಗೆ ಇನ್ನೊಂದು ಕೆಲಸ ಕಾದಿತ್ತು. ನಮಗೆ ಆತಿಥ್ಯ ನೀಡಿದ ತರುಣರು ನಮ್ಮ ಸೀಮೆಯವರೇ. ಮಾಂಟ್ರಿಯಲ್ಲಿನಲ್ಲಿ ಉದ್ಯೋಗ, ನಗರದ ಹೊರಗೆ ಸರೋವರದ ದಡದಲ್ಲಿ ಮನೆ. ಒಂಬತ್ತು ವರ್ಷದ ಮಗನನ್ನು ಹಿಂದೆ ಕೂರಿಸಿಕೊಂಡು ಹಿಮದ ದಾರಿಗಳಲ್ಲಿ ಸುತ್ತಬೇಕೆಂಬುದು ಅವರ ಆಸೆ. ಹೊಸ ವಾಹನದ ಬೆಲೆ ಕೈಗೆಟುಕದ ಕಾರಣ ಬಳಸಿದ ಒಂದನ್ನು ಕೊಳ್ಳಲು ಬಯಸಿದ್ದರು. ಪಕ್ಕದ ಮನೆಯ ಹಿರಿಯರೊಬ್ಬರು, ನಾಲ್ಕು ದಶಕ ಯಂತ್ರ ರಿಪೇರಿ ಮಾಡಿ ನಿವೃತ್ತರಾದವರು, ಪರೀಕ್ಷಿಸಲು ಜೊತೆಗೆ ಬಂದಿದ್ದರು.

ನಮ್ಮ ರೈತರು ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುವುದನ್ನೂ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವುದನ್ನೂ ಓದುಗರು ಬಲ್ಲರು. ಆ ಹಿರಿಯರ ಪರೀಕ್ಷೆಯೂ ಅಂಥದೇ. ಅವರು ಮಿರುಗುವ ಬಣ್ಣದ ಕಡೆಗೆ ಕಣ್ಣೆತ್ತಲಿಲ್ಲ. ಮೊದಲು ಕೈಗವಸು ತೆಗೆದು ಎಂಜಿನ್ನನ್ನು ಮುಟ್ಟಿದರು. ಮಾರುವವನು ಮೊದಲೇ ಚಾಲೂ ಮಾಡಿ ಬಿಸಿಮಾಡಿಟ್ಟಿದ್ದರೆ ತಣ್ಣಗಿದ್ದಾಗಿನ ತೊಡಕು ತಿಳಿಯದು. ಇದು ತಣ್ಣಗಿತ್ತು.

ಬಳಿಕ ವಾಹನದ ಹಿಂಭಾಗವನ್ನು ಎತ್ತಿ ನಿಲ್ಲಿಸಿ, ಟ್ರ್ಯಾಕ್ ಎಂಬ ಅಗಲವಾದ ರಬ್ಬರ್ ಪಟ್ಟಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರು. ಹಿಮವನ್ನು ಕಚ್ಚುವ ಉಬ್ಬುಗಳು ಹರಿದಿವೆಯೇ, ಅಂಚಿನಲ್ಲಿ ಒಳಗಿನ ದಾರ ಹೊರಬಂದಿದೆಯೇ ಎಂದು ನೋಡಿದರು. ಪಟ್ಟಿ ಜಾರುವ ಕಂಬಿಗಳ ಕೆಳಗಿನ ಪ್ಲಾಸ್ಟಿಕ್ ಸವೆದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಚಿಕ್ಕ ಗಾಲಿಗಳನ್ನು ಒಂದೊಂದಾಗಿ ತಿರುಗಿಸಿ ಬೇರಿಂಗಿನ ಸದ್ದು ಆಲಿಸಿದರು. ಮುಂದಿನ ಸ್ಕೀಗಳನ್ನು ಹಿಡಿದು ಅಲುಗಾಡಿಸಿದರು. ಅವುಗಳ ತೋಳುಗಳು ಬಾಗಿದ್ದರೆ ವಾಹನ ಎಂದೋ ಮರಕ್ಕೋ ಬಂಡೆಗೋ ಬಡಿದಿದೆಯೆಂದು ಅರ್ಥ. ಮುಚ್ಚಳ ತೆಗೆದು ಬೆಲ್ಟು ನೋಡಿದರು. ಸರಪಣಿ ಇರುವ ಪೆಟ್ಟಿಗೆಯ ಎಣ್ಣೆಯನ್ನು ಬೆರಳಿಗೆ ಹಚ್ಚಿ ಉಜ್ಜಿದರು. ಅದರಲ್ಲಿ ಲೋಹದ ಪುಡಿ ಹೊಳೆದರೆ ಒಳಗಿನ ಹಲ್ಲುಗಳು ಸವೆಯುತ್ತಿವೆ. ಇವೆಲ್ಲವೂ ತಕ್ಕಮಟ್ಟಿಗೆ ಸರಿಯಾಗಿದ್ದವು.

ಕೊನೆಗೆ ಎಂಜಿನ್ನಿನ ಎರಡು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳಿಗೆ ಒಂದಾದ ಮೇಲೊಂದರಂತೆ ಒತ್ತಡಮಾಪಕವನ್ನು ಕೂಡಿಸಿ, ಹಗ್ಗವನ್ನು ಹಲವು ಬಾರಿ ಎಳೆದರು. ಒಂದು ಸಿಲಿಂಡರಿನಲ್ಲಿ ೧೨೦, ಇನ್ನೊಂದರಲ್ಲಿ ೯೫. ಎರಡರ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಂತರವಿರಬಾರದೆಂಬುದು ಅವರ ಕಟ್ಟಳೆ. ಬೇಸಿಗೆಯಿಡೀ ಟ್ಯಾಂಕಿನಲ್ಲಿ ನಿಂತ ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರವನ್ನು ಮುಚ್ಚುವುದುಂಟು. ಆಗ ಒಂದು ಸಿಲಿಂಡರಿಗೆ ಇಂಧನವೂ ಅದರೊಡನೆ ಬರುವ ಎಣ್ಣೆಯೂ ಸಾಲದೆ, ಪಿಸ್ಟನ್ ಕಾದು ಗೀರಿಕೊಳ್ಳುತ್ತದೆ. ಹೊರಗಿನ ಕಣ್ಣಿಗೆ ಇದಾವುದೂ ಕಾಣುವುದಿಲ್ಲ. ಚಾಲೂ ಮಾಡಿದಾಗ ಆ ಯಂತ್ರ ಸೊಗಸಾಗಿಯೇ ಗುಡುಗಿತು!

ಮಾರುವಾತ ಒಡನೆಯೇ ಬೆಲೆಯನ್ನು ಇಳಿಸಿದನು. ತರುಣರ ಮನಸ್ಸು ತೂಗಾಡಿತು. "ಗುರುಗಳೇ, ಇಷ್ಟು ಕಡಿಮೆಗೆ ಮತ್ತೆಲ್ಲೂ ಸಿಗಲಾರದು" ಎಂದರು. ನಾವು ಯಂತ್ರಶಾಸ್ತ್ರ ಬಲ್ಲವರಲ್ಲ; ಆದಕಾರಣ ಹಿರಿಯರ ಅಭಿಪ್ರಾಯ ಕೇಳಿರೆಂದೆವು. ಅವರು ಫ್ರೆಂಚಿನಲ್ಲಿ ನಿಧಾನವಾಗಿ ಹೇಳಿದ್ದನ್ನು ತರುಣರೇ ನಮಗೆ ಕನ್ನಡಿಸಿದರು: "ಇದು ಮನೆಯಂಗಳದಲ್ಲಿ ಕೆಡುವುದಿಲ್ಲ. ಮನೆಯಿಂದ ಇಪ್ಪತ್ತು ಕಿಲೋಮೀಟರ್ ಆಚೆ, ಕತ್ತಲಾಗುವ ಹೊತ್ತಿಗೆ ಕೆಡುತ್ತದೆ. ಆಗ ಹಿಂದೆ ಕುಳಿತಿರುವವನು ನಿನ್ನ ಮಗ." ತರುಣರು ಮರುಮಾತಾಡದೆ ಮಾರುವಾತನಿಗೆ ಕೈಮುಗಿದು ಹೊರಟುಬಂದರು.

ನಮಗೆ ಆ ಮಾತಿನಲ್ಲಿ ವ್ಯಾಪಾರಕ್ಕಿಂತ ಹಿರಿದಾದ ವಿವೇಕ ಕಂಡಿತು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುವ ಹಿಮದಲ್ಲಿ, ಸವಾರನಿಗೂ ಅವನ ಮನೆಗೂ ನಡುವೆ ಇರುವುದು ಆ ಯಂತ್ರವೊಂದೇ. ದಾರಿಯಿಲ್ಲದೆ ಮಗುವನ್ನು ಕಳೆದುಕೊಂಡ ತಂದೆಯ ದುಡಿಮೆಯಿಂದ ಬೆಳೆದ ವಾಹನ ಇನ್ನೊಬ್ಬರ ಮಗುವನ್ನು ನಡುದಾರಿಯಲ್ಲಿ ನಿಲ್ಲಿಸುವಂತಾಗಬಾರದು. ಕೊಳ್ಳುವ ಮುನ್ನ ಪರೀಕ್ಷಿಸುವುದೆಂದರೆ ಮಾರುವವನ ಮೇಲಿನ ಸಂಶಯವಲ್ಲ, ನಂಬಿ ಹಿಂದೆ ಕೂರುವವರ ಮೇಲಿನ ಹೊಣೆ.

ಚಳಿಯ ದೇಶಗಳಲ್ಲಿ ಇಂದು ನಮ್ಮ ಅನೇಕ ಕುಟುಂಬಗಳ ಮಕ್ಕಳು ನೆಲೆಸಿದ್ದಾರೆ. ಅವರು ತಿಳಿದಿರಬೇಕಾದ ಇನ್ನೆರಡು ಸಂಗತಿಗಳನ್ನು ಹೇಳುವುದು ಉಚಿತ. ವಾಹನದ ಚೌಕಟ್ಟಿನ ಮೇಲೆ ಒತ್ತಿದ ಸಂಖ್ಯೆಯೂ ನೋಂದಣಿ ಪತ್ರದ ಸಂಖ್ಯೆಯೂ ಒಂದೇ ಆಗಿರಬೇಕು. ಅದರ ಮೇಲೆ ಸಾಲವಿದೆಯೇ ಎಂಬುದನ್ನು ಕ್ವಿಬೆಕ್ಕಿನಲ್ಲಿ ಸರ್ಕಾರದ ದಾಖಲೆಯಿಂದ ತಿಳಿಯಬಹುದು. ಹಣ ಕೊಡುವ ಮುನ್ನ ಇದನ್ನು ಮಾಡಬೇಕು. ಎರಡನೆಯದಾಗಿ, ವಾಹನವೆಷ್ಟೇ ಗಟ್ಟಿಯಾಗಿರಲಿ, ಕೆಳಗಿನ ಮಂಜುಗಡ್ಡೆ ಗಟ್ಟಿಯಿರಬೇಕು. ಸರೋವರದ ಮೇಲೆ ಹಿಮವಾಹನ ಓಡಿಸಲು ಕನಿಷ್ಠ ೨೫ ಸೆಂಟಿಮೀಟರ್ ದಪ್ಪದ ಮಂಜುಗಡ್ಡೆ ಬೇಕೆಂದು ಕೆನಡಾದ ರೆಡ್‌ಕ್ರಾಸ್ ಸಂಸ್ಥೆ ತಿಳಿಸುತ್ತದೆ. ನೀರು ಹರಿಯುವ ಕಡೆ ಅದು ತೆಳುವಾಗಿರುವುದು. ಊರಿನ ಅನುಭವಿಗಳನ್ನು ಕೇಳದೆ ಅದರ ಮೇಲೆ ಇಳಿಯಲಾಗದು.

ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹಳೆಯದನ್ನು ಕೊಳ್ಳುವುದು ಅವಮಾನವೂ ಅಲ್ಲ. ಬೊಂಬಾರ್ಡಿಯೇಯ ಮೊದಲ ಬಂಡಿ ಓಡಿದ್ದೇ ಬಿಸಾಡಬೇಕಾಗಿದ್ದ ಎಂಜಿನ್ನಿನಿಂದ. ಆದರೆ ಅವನು ಅದರ ಒಂದೊಂದು ಭಾಗವನ್ನೂ ಬಿಚ್ಚಿ ನೋಡಿದ್ದನು.