ಅರಸರ ಗರಗಸ

ಸಂಜೆಯ ಕೊನೆಯ ರೊಟ್ಟಿ ಹಂಚಿನಿಂದ ಇಳಿದ ಮೇಲೆ ನಮ್ಮ ಮನೆಯಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ. ಕೈಗೆ ಹತ್ತಿದ ಜೋಳದ ಹಿಟ್ಟು ತೊಳೆದುಕೊಂಡು, ಪಡಸಾಲೆಗೆ ಬಂದು ಕಂಬಕ್ಕೆ ಬೆನ್ನು ಕೊಟ್ಟು ಕೂಡುತ್ತೇನೆ. ನಾಲ್ಕನೇ ಕ್ಲಾಸಿನ ಮಗಳು ಗೂಡಿನಿಂದ ಪುಸ್ತಕ ತರುತ್ತಾಳೆ. ಈ ವರ್ಷ ಒಂದನೇ ಕ್ಲಾಸಿಗೆ ಸೇರಿದ ಸಣ್ಣವ ಪಾಟಿ ತರುತ್ತಾನೆ. ಪಕ್ಕದ ಮನೆಯ ಹುಡುಗಿ ಯಾರೂ ಕರೆಯದೆ ಬಂದು ನನ್ನ ಮೊಣಕಾಲಿಗೆ ಹತ್ತಿ ಕೂಡುತ್ತಾಳೆ. ಅರ್ಧ ತಾಸು, ಹೆಚ್ಚೆಂದರೆ ಮುಕ್ಕಾಲು ತಾಸು. ರಾಯಚೂರು ಜಿಲ್ಲೆಯ ಜಾಲಹಳ್ಳಿಯ ನನ್ನ ಇಡೀ ದಿನದಲ್ಲಿ ನಾನು ಕಾಯುವ ಹೊತ್ತು ಇದೇ.

ನಮ್ಮ ಕಡೆ ಹೆಣ್ಣುಮಕ್ಕಳು ಬಿಡುವಾದಾಗ ಕೌದಿ ಹೊಲಿಯುತ್ತಾರೆ. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಜೋಡಿಸಿ, ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದರೆ ಚಳಿಗಾಲಕ್ಕೆ ಒಂದು ಹೊದಿಕೆ. ಮಕ್ಕಳ ಜೊತೆ ಓದುವುದೂ ಬರೆಯುವುದೂ ನನಗೆ ಅದೇ ತರದ ಕೈಗೆಲಸ. ದಿನಕ್ಕೊಂದು ಗೇಣು ಹೊಲಿಗೆ. ಅವಸರ ಮಾಡಿದರೆ ಬಟ್ಟೆ ಮುದುಡುತ್ತದೆ.

ಈ ಕೆಲಸದ ಮೊದಲ ಪಾಠ ನನಗೆ ಸಿಕ್ಕಿದ್ದು ಮುತ್ಯಾನಿಂದ. ಅವನ ಕಾಲಕ್ಕೆ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. 1948ರ ಸೆಪ್ಟೆಂಬರ್ ತನಕ ಕಚೇರಿಯ ಭಾಷೆ ಉರ್ದು, ಸಾಲಿಯಲ್ಲೂ ಅದರದೇ ಮೇಲುಗೈ. ಮುತ್ಯಾ ಕಲಿತದ್ದು ಅಲಿಫ್, ಬೇ. ಅವನಿಗೆ ಕನ್ನಡ ಓದಲು ಕಲಿಸಿದ್ದು ಶ್ರಾವಣ ಮಾಸ. ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಒಬ್ಬರು ಪದ್ಯ ಓದುವವರು, ಇನ್ನೊಬ್ಬರು ಅದರ ಅರ್ಥ ಹೇಳುವವರು, ಮುಂದೆ ಕೂತವರು ಹ್ಞೂಂಗುಟ್ಟುವವರು. ಪದ್ಯ ಪುಸ್ತಕದ ಕನ್ನಡದಲ್ಲಿ, ಅರ್ಥ ನಮ್ಮ ಮಾತಿನಲ್ಲಿ. ವರ್ಷ ವರ್ಷ ಅದನ್ನೇ ಕೇಳಿ ಕೇಳಿ ಮುತ್ಯಾನಿಗೆ ಪದ್ಯಗಳು ಬಾಯಿಗೆ ಬಂದಿದ್ದವು. ಆಮೇಲೊಂದು ದಿನ ಪುರಾಣದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಲ್ಲಿದ್ದ ಪದ್ಯದ ಮೇಲೆ ಬೆರಳಾಡಿಸುತ್ತ, ಯಾವ ಸಪ್ಪಳಕ್ಕೆ ಯಾವ ಅಕ್ಷರ ಎಂದು ತಾನೇ ಗುರುತು ಹಿಡಿದನಂತೆ. "ಕಿವಿ ಮುಂದ ಹೋಗಿ ಬಾಗಿಲ ತೆಗೀತು, ಕಣ್ಣು ಹಿಂದಿಂದ ಒಳಗ ಬಂತು" ಅನ್ನುತ್ತಿದ್ದ.

ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಓಡಾಡಿದ ಸೀಮೆ ಇದು. ದಾಸರ ಪದಗಳನ್ನು, 'ಹರಿಕಥಾಮೃತಸಾರ'ದ ಭಾಮಿನಿ ಷಟ್ಪದಿಗಳನ್ನು ಓದು ಬಾರದವರೂ ಬಾಯಿಪಾಠ ಒಪ್ಪಿಸುತ್ತಿದ್ದ ಮನೆಗಳು ಇಲ್ಲಿದ್ದವು. ಹಾಗಿರುವಾಗ ಮಗುವಿಗೆ ಓದು ಕಲಿಸಲು ನಾನು ದೂರದ ಉಪಾಯ ಹುಡುಕಿಕೊಂಡು ಹೋಗಲಿಲ್ಲ. ಪಡಸಾಲೆಯಲ್ಲಿ ಪುರಾಣ ಹಚ್ಚಿದೆ. ನಾನು ಒಂದು ಪುಟ ಓದುತ್ತೇನೆ, ಮಗಳು ಅದನ್ನು ನಮ್ಮ ಮಾತಿನಲ್ಲಿ ಹೇಳುತ್ತಾಳೆ, ಸಣ್ಣವ ಹ್ಞೂಂ ಅನ್ನುತ್ತಾನೆ. ಮರುದಿನ ಅವಳು ಓದುತ್ತಾಳೆ, ಅರ್ಥ ನನ್ನದು. ಹ್ಞೂಂ ಅನ್ನುವುದು ಸಣ್ಣ ಕೆಲಸವೆಂದು ತಿಳಿಯಬೇಡಿ. ಅವನ ಹ್ಞೂಂ ತಡವಾದರೆ ಅಲ್ಲೆಲ್ಲೋ ಕತೆಯ ಎಳೆ ಅವನ ಕೈತಪ್ಪಿದೆ ಎಂದೇ ಲೆಕ್ಕ. ನಾನು ಎರಡು ಸಾಲು ಹಿಂದೆ ಹೋಗುತ್ತೇನೆ.

ಓದುವಾಗ ಬೆರಳು ಸಾಲಿನ ಕೆಳಗೆ ನಡೆಯುತ್ತಿರಬೇಕು. ನರಿಯ ಮಾತಿಗೆ ನರಿಯ ದನಿ, ಅಜ್ಜಿಯ ಮಾತಿಗೆ ಅಜ್ಜಿಯ ದನಿ ಬೇಕು. ಬಾಗಿಲು ತಟ್ಟಿದ ಸಪ್ಪಳವಾದ ಕಡೆ, ಯಾರು ಬಂದರೆಂದು ಹೇಳುವ ಮೊದಲು, ಪುಸ್ತಕ ಮುಚ್ಚಬೇಕು. ಮುಚ್ಚಿದ ಪುಸ್ತಕವನ್ನು ಮಗಳು ಬೆಳಗ್ಗೆ ನಾನು ಏಳುವ ಮೊದಲೇ ತೆಗೆದು ನೋಡಿರುತ್ತಾಳೆ. ಮಕ್ಕಳು ಒಂದೇ ಪುಸ್ತಕವನ್ನು ಹತ್ತು ಸಲ ಕೇಳಿದರೆ ಹತ್ತೂ ಸಲ ಓದುತ್ತೇನೆ. ಹನ್ನೊಂದನೆಯ ಸಲ ಸಣ್ಣವ ಪುಸ್ತಕವನ್ನು ತಾನೇ ಹಿಡಿದು, ನೆನಪಿನಿಂದ ಹೇಳುತ್ತ, ಸರಿಯಾದ ಜಾಗದಲ್ಲಿ ಪುಟ ಮಗುಚುತ್ತಾನೆ. ಆಗ ನನಗೆ ಪುರಾಣದ ಪುಸ್ತಕದ ಮುಂದೆ ಕೂತ ಮುತ್ಯಾನೇ ಕಾಣುತ್ತಾನೆ.

ಈಗ ಸರಕಾರಿ ಶಾಲೆಯ ಒಂದನೇ ಕ್ಲಾಸಿನಲ್ಲಿ ಅ ಆ ಇ ಈಯಿಂದ ಶುರು ಮಾಡುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ಆಮೇಲೆ ನಾಡಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳ ಕೈಗೆ ಮೊದಲು ಬರುವುದು ಐದೇ ಅಕ್ಷರ: ರ, ಗ, ಸ, ದ, ಅ. ಬರೆದು ನೋಡಿ, ಐದಕ್ಕೂ ಹತ್ತಿರ ಹತ್ತಿರದ ಸುತ್ತು. ಕಾಗುಣಿತ, ಒತ್ತು ಏನೂ ಬೇಡ, ಬರೀ ಇವನ್ನೇ ಅತ್ತಿತ್ತ ಜೋಡಿಸಿದರೆ ಮಾತು ಹುಟ್ಟುತ್ತವೆ. ಸರ, ರಸ, ದರ, ಅರಸ, ಗರಗಸ, ಸರಸರ, ಗರಗರ. ಹಳೆಯ ಲಗ್ನಪತ್ರಿಕೆಗಳ ಹಿಂಬದಿಯನ್ನು ಕತ್ತರಿಸಿ ಈ ಅಕ್ಷರಗಳನ್ನು ನಾಲ್ಕು ನಾಲ್ಕು ಸಲ ಬರೆದು ಸಣ್ಣವನಿಗೆ ಕೊಟ್ಟೆ. ಕವಡೆ ಆಡಿದಂತೆ ಆಡುತ್ತಿದ್ದ. ಒಂದು ಸಂಜೆ ನೆಲದ ಮೇಲೆ ಎಂಟು ಚೀಟಿ ಜೋಡಿಸಿ ಕೂಗಿದ: "ಅರಸರ ಗರಗಸ!"

ಮಗಳು ಓದುತ್ತಿದ್ದುದನ್ನು ಬಿಟ್ಟು ನೋಡಿದಳು.

"ಅರಸ್ರ ಹತ್ರ ಕತ್ತಿ ಇರ್ತದ. ಗರಗಸ ಯಾಕಲೇ?"

"ಬಾಗಿಲ ಮಾಡಾಕ."

"ಅರಮನಿಗಿ ಬಾಗಿಲ ಇದ್ದಿಲ್ಲೇನು?"

"ಇತ್ತು. ಆನಿ ಮುರೀತು."

ಅಷ್ಟು ಸಾಕಾಯಿತು. ಆ ಆನೆ ಯಾಕೆ ಸಿಟ್ಟಿಗೆದ್ದಿತು, ಬಡಿಗ ಎಲ್ಲಿ ಹೋಗಿದ್ದ, ಅರಸರಿಗೆ ಗರಗಸ ಹಿಡಿಯಲು ಕಲಿಸಿದವರು ಯಾರು ಎಂದು ದಿನಕ್ಕೆರಡು ಮಾತಿನಂತೆ ಹತ್ತು ದಿನ ಕತೆ ನಡೆಯಿತು. ಹೇಳುವವರು ಸಣ್ಣವ ಮತ್ತು ಪಕ್ಕದ ಮನೆಯ ಹುಡುಗಿ, ಬರೆಯುವವಳು ಮಗಳು. ಹೋದ ವರ್ಷದ ನೋಟಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ನಡುವೆ ಮಡಚಿ, ಕೌದಿಯ ದಾರ, ದಬ್ಬಣದಿಂದ ಮೂರು ತೂತಿನ ಹೊಲಿಗೆ ಹಾಕಿ, ಪೇಸ್ಟಿನ ರಟ್ಟಿನ ಡಬ್ಬಿ ಬಿಚ್ಚಿ ಹೊದಿಕೆ ಮಾಡಿದೆವು. ಐದು ಅಕ್ಷರದಿಂದ ಒಂದು ಪುಸ್ತಕವಾಯಿತು. ಗೂಡಿನಲ್ಲಿ ಅದು ಉಳಿದ ಪುಸ್ತಕಗಳ ಸಾಲಿನಲ್ಲೇ ನಿಂತಿದೆ.

ಆ ಗೂಡು ತುಂಬಿದ್ದೂ ತುಂಡು ತುಂಡಾಗಿಯೇ. 2016ರ ಡಿಸೆಂಬರಿನಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವಾದಾಗ ಪುಸ್ತಕ ಮಳಿಗೆಗಳ ಸಾಲಿನಲ್ಲಿ ಒಂದು ದಿನ ಕಳೆದು ಚೀಲ ತುಂಬಿಕೊಂಡು ಬಂದಿದ್ದೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದ ತೆಳು ಚಿತ್ರಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ, ಮಕ್ಕಳ ಕೈಯಲ್ಲಿ ಹರಿದರೂ ಎದೆ ಒಡೆಯುವುದಿಲ್ಲ. ಹಳೆಯ ರಾಯಚೂರು ಜಿಲ್ಲೆಯವರೇ ಆದ ಸಿದ್ಧಯ್ಯ ಪುರಾಣಿಕರ 'ತುಪ್ಪಾ ರೊಟ್ಟಿ ಗೇಗೇಗೇ' ಎಂಬ ಮಕ್ಕಳ ಕವಿತೆಗಳ ಪುಸ್ತಕದ ಹೆಸರು ಕೇಳಿಯೇ ಸಣ್ಣವನ ಮುಖ ಅರಳುತ್ತದೆ. ಅದು ನಮ್ಮ ಅಡುಗೆಮನೆಯ ಮಾತು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆಯಾಯಿತು. ತನ್ನ ಹೆಸರಿನ ಕಾರ್ಡು ತೋರಿಸಿ ತಾನೇ ಆರಿಸಿದ ಪುಸ್ತಕವನ್ನು ಮಗು ಎದೆಗವಚಿಕೊಂಡು ಬರುವುದನ್ನು ಒಮ್ಮೆ ನೋಡಬೇಕು.

ದುಡ್ಡು ಕೊಡದೆ ಸಿಗುವ ಇನ್ನೊಂದು ಪುಸ್ತಕ ಬಸ್ ಸ್ಟ್ಯಾಂಡಿನಲ್ಲಿದೆ. ಕಾಗುಣಿತ ಕಲಿತು ಒತ್ತಕ್ಷರದಲ್ಲಿ ತಡವರಿಸುತ್ತಿದ್ದ ಕಾಲಕ್ಕೆ ಮಗಳನ್ನು ಸಂತೆಗೆ ಕರೆದುಕೊಂಡು ಹೋದಾಗಲೆಲ್ಲ ಹತ್ತು ನಿಮಿಷ ಬಸ್ಸುಗಳ ಮುಂದೆ ನಿಲ್ಲಿಸುತ್ತಿದ್ದೆ. ಲಿಂಗಸುಗೂರು ಬೋರ್ಡಿನಲ್ಲಿ ಸೊನ್ನೆ ಕಲಿತಳು. ಗಬ್ಬೂರಿನಲ್ಲಿ ಬಕ್ಕೆ ಬ ಒತ್ತು. ಬಹಳ ಕಾಡಿದ್ದು ನಮ್ಮ ತಾಲೂಕು ಕೇಂದ್ರ ದೇವದುರ್ಗವೇ. 'ದುರ್ಗ' ಎನ್ನುವಾಗ ಬಾಯಿ ರ ಎಂದು ಆಮೇಲೆ ಗ ಎನ್ನುತ್ತದೆ, ಬರೆಯುವಾಗ ಗ ಮೊದಲು, ಅರ್ಕಾವತ್ತು ಅದರ ಬಾಲಕ್ಕೆ. ಮಗಳು ಬಹಳ ದಿನ 'ದೇವದುಗ್ರ' ಎಂದೇ ಓದಿದಳು. ಒಂದು ದಿನ ಬಸ್ಸು ಬಂದು ನಿಂತಾಗ ನನ್ನ ಸೆರಗು ಜಗ್ಗಿ, "ಅವ್ವ, ಬಾಲ ಮೊದಲ ಓದಬೇಕು!" ಎಂದಳು. ಯಾವ ವ್ಯಾಕರಣದ ಪುಸ್ತಕದಲ್ಲಿಯೂ ಇಷ್ಟು ಚೊಕ್ಕವಾಗಿ ಬರೆದಿರಲಾರರು.

ಬರವಣಿಗೆಯ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿ ಕಲಿತೆ. ಮೂರನೇ ಕ್ಲಾಸಿನಲ್ಲಿದ್ದಾಗ ಮಗಳು ಬರೆದಿದ್ದಳು: "ಮಾಳಿಗಿ ಮ್ಯಾಲ ಮೆಣಸಿನಕಾಯಿ ಹಾಕಿದ್ವಿ. ಮಳಿ ಬಂತು. ಅವ್ವ ಓಡಿದ್ಲು. ಅರ್ಧ ತೊಯ್ದ್ವು." ನಾನು ಕೆಂಪು ಪೆನ್ನು ಹಿಡಿದು, ಮಾಳಿಗೆಯ ಮೇಲೆ, ಮಳೆ, ಓಡಿದಳು, ತೊಯ್ದವು ಎಂದು ಸಾಲು ಸಾಲಿಗೂ ತಿದ್ದಿದೆ. ಆಮೇಲೆ ಒಂದು ತಿಂಗಳು ಅವಳ ಹಾಳೆಯ ಮೇಲೆ ಮಳೆ ಬಂದಿತು, ರೈತರಿಗೆ ಸಂತೋಷವಾಯಿತು, ನಮಗೂ ಸಂತೋಷವಾಯಿತು. ಮೆಣಸಿನಕಾಯಿ ಇಲ್ಲ, ಮಾಳಿಗೆ ಇಲ್ಲ, ಓಡಿದ ಅವ್ವನೂ ಇಲ್ಲ. ಕೇಳಿದರೆ, "ನಂದು ತಪ್ಪು ಬರ್ತದವ್ವ, ಅದಕ್ಕ ಪುಸ್ತಕದ್ದ ಬರೀತೀನಿ" ಎಂದಳು. ಆ ಮಾತು ನನ್ನ ಹೊಟ್ಟೆಗೆ ತಾಕಿತು.

ಅಂದಿನಿಂದ ಮೊದಲ ಬರಹಕ್ಕೆ ನಾನು ಪೆನ್ನು ತಾಕಿಸುವುದಿಲ್ಲ. ಪ್ರಶ್ನೆ ಕೇಳುತ್ತೇನೆ. "ಓಡಿ ಏನ್ ಮಾಡಿದ್ಲು ಅವ್ವ?" "ತಾಡಪತ್ರಿ ಎಳದ್ಲು." "ನೀ ಎಲ್ಲಿದ್ದಿ?" "ನಾ ಆ ಕಡಿ ತುದಿ ಹಿಡದಿದ್ದೆ. ಗಾಳಿ ನನ್ನೂ ಎತ್ತಿತ್ತು." ಇದನ್ನೂ ಬರಿ ಅನ್ನುತ್ತೇನೆ. ಗಾಳಿ ತಾಡಪತ್ರಿಯ ಜೊತೆ ತನ್ನನ್ನೂ ಎತ್ತಿದ ಮಾತು ಅವಳ ಹೊರತು ಇನ್ನಾರಿಗೂ ಬರೆಯಲು ಬಾರದು. ಹಾಳೆ ತುಂಬಿದ ಮೇಲೆ, ಪುರಾಣದಲ್ಲಿ ಪದ್ಯಕ್ಕೊಂದು ಅರ್ಥ ಇರುವಂತೆ, ಮನೆಯ ಮಾತನ್ನು ಪುಸ್ತಕದ ಕನ್ನಡಕ್ಕೆ ಅವಳೇ ತಿರುಗಿಸುತ್ತಾಳೆ. ಎರಡೂ ಹಾಳೆ ಇಟ್ಟುಕೊಳ್ಳುತ್ತೇವೆ. ಮಾಳಿಗಿ ಎನ್ನುವುದು ತಪ್ಪಲ್ಲ, ಮಾಳಿಗೆ ಎನ್ನುವುದು ಊರು ಬಿಟ್ಟು ಹೋಗುವಾಗ ಉಡುವ ಬಟ್ಟೆ ಎಂದು ಅವಳಿಗೆ ಈಗ ಗೊತ್ತು.

ತಿದ್ದುವುದಿದ್ದರೆ ಒಂದು ಹಾಳೆಗೆ ಒಂದೇ. ನಮ್ಮ ಮಾತಿನಲ್ಲಿ ಮಹಾಪ್ರಾಣ ಸವೆದು ಹೋಗಿದೆ. ಹೀಗಾಗಿ ಧ ಬದಲು ದ, ಭ ಬದಲು ಬ ಬರುತ್ತಲೇ ಇರುತ್ತದೆ. ಅದಕ್ಕೆ ಅಂಗೈಯನ್ನು ಬಾಯಿಯ ಹತ್ತಿರ ಹಿಡಿಯಲು ಹೇಳುತ್ತೇನೆ. 'ಬಾರ' ಎಂದರೆ ಅಂಗೈ ಸುಮ್ಮನಿರುತ್ತದೆ, 'ಭಾರ' ಎಂದರೆ ಬೆಚ್ಚಗಿನ ಉಸಿರು ತಾಕುತ್ತದೆ. ಮಕ್ಕಳು ಮೂವರೂ ಕೈ ಮುಂದೆ ಹಿಡಿದು ಭ ಭ ಎನ್ನುತ್ತ ನಗುವಾಗ ಕಾಗುಣಿತಕ್ಕೆ ಜೀವ ಬಂದಂತಿರುತ್ತದೆ.

ಹೋದ ಬೇಸಿಗೆಯಲ್ಲಿ ಮಕ್ಕಳನ್ನು ಮಸ್ಕಿಗೆ ಕರೆದುಕೊಂಡು ಹೋಗಿದ್ದೆ. ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳನ್ನು ನೋಡಿ ಸಣ್ಣವ, "ಇದು ನಮ್ಮ ಗ ಆಗಬೇಕಿತ್ತೇನು?" ಎಂದ. 1915ರಲ್ಲಿ ಚಿನ್ನದ ಅದಿರಿನ ಬೆನ್ನು ಹತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಕಂಡ ಬರಹ ಅದು. ಅದಕ್ಕೂ ಮೊದಲು ಸಿಕ್ಕ ಆ ಅರಸನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು. ಅವನದೇ ಶಾಸನದಲ್ಲಿ ಅಶೋಕ ಎಂಬ ಹೆಸರು ಮೊದಲ ಸಲ ಸಿಕ್ಕಿದ್ದು ಇಲ್ಲಿ, ನಮ್ಮ ಜಿಲ್ಲೆಯಲ್ಲಿ. ಮಕ್ಕಳಿಗೆ ಅಷ್ಟನ್ನೇ ಹೇಳಿದೆ: "ನೋಡ್ರಿ, ಅಷ್ಟು ದೊಡ್ಡ ಅರಸ, ಎಷ್ಟೋ ಕಡಿ ಹೆಸರಿಲ್ಲದ ಬರಸಿದ್ದ. ಮಂದಿ ಎಷ್ಟು ವರ್ಷ ಹುಡುಕಬೇಕಾತು." ಅಂದಿನಿಂದ ಮೂವರೂ ಏನೇ ಬರೆದರೂ ಕೆಳಗೆ ಹೆಸರು, ಊರು, ತಾರೀಖು ಹಾಕುತ್ತಾರೆ. ಸಂತೆಯ ಚೀಟಿಗೂ ಹಾಕುತ್ತಾರೆ.

ಪಕ್ಕದ ಮನೆಯ ಹುಡುಗಿಯ ಅಪ್ಪ, ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಕಟ್ಟಡದ ಕೆಲಸಕ್ಕೆ. ನಮ್ಮ ತಾಲೂಕಿನ ಎಷ್ಟೋ ಮನೆಗಳ ಪಾಡು ಅದು. ಹುಡುಗಿ ಆಯಿಯ ಹತ್ತಿರ ಇದ್ದಾಳೆ. ಫೋನಿನಲ್ಲಿ ದಿನಾ ಮಾತಾಡುತ್ತಾಳೆ, ಉಂಡಿ ಏನು, ಉಂಡೆ, ಅಷ್ಟರಲ್ಲಿ ಮಾತು ಮುಗಿಯುತ್ತದೆ. ಒಂದು ಸಂಜೆ ಅವಳ ಮುಂದೆ ಹಾಳೆ ಇಟ್ಟು, ಅವ್ವನಿಗೆ ಒಂದು ಕಾಗದ ಬರಿ ಎಂದೆ. ಬಹಳ ಹೊತ್ತು ಪೆನ್ಸಿಲು ಕಚ್ಚುತ್ತ ಕೂತಿದ್ದಳು. ಆಮೇಲೆ ಬರೆದಳು: "ಅವ್ವ, ಆಡು ಮರಿ ಹಾಕ್ಯದ. ಎರಡು. ಒಂದು ಬಿಳೇದು. ಒಂದು ಕರೇದು. ಬಿಳೇದಕ್ಕ ಆಯಿ ಹೆಸರಿಟ್ಟಾಳ. ಕರೇದಕ್ಕ ಇಟ್ಟಿಲ್ಲ. ನೀ ಇಡಬೇಕಂತ ಬಿಟ್ಟೀನಿ." ಕೆಳಗೆ ಹೆಸರು, ಜಾಲಹಳ್ಳಿ, ತಾರೀಖು. ಒಂದಕ್ಷರವನ್ನೂ ತಿದ್ದದೆ ಫೋಟೋ ತೆಗೆದು ಅವಳ ಅಪ್ಪನ ಫೋನಿಗೆ ಕಳಿಸಿದೆ.

ಅವರಿಬ್ಬರಿಗೂ ಓದು ಬಾರದು. ಆ ರಾತ್ರಿ ತಗಡಿನ ಶೆಡ್ಡುಗಳ ಮುಂದೆ ಓದು ಬಲ್ಲ ಹುಡುಗನೊಬ್ಬ ಅದನ್ನು ದೊಡ್ಡದಾಗಿ ಓದಿದನಂತೆ. ನಮ್ಮ ಕಡೆಯವರೆಲ್ಲ ಸುತ್ತ ಕೂತು ಕೇಳಿದರಂತೆ. ಅವ್ವ ಮತ್ತೊಮ್ಮೆ ಓದಿಸಿದಳಂತೆ, ಮತ್ತೊಮ್ಮೆ. ಫೋನಿನಲ್ಲಿ ಇದನ್ನು ಕೇಳುತ್ತ ನಾನು ಸುಮ್ಮನೆ ಕೂತೆ. ಮಠದಲ್ಲಿ ಮುತ್ಯಾ ಕೇಳಿದ ಹಾಗೆ ಅವಳೂ ಕೇಳಿದ್ದಳು. ಅಲ್ಲಿ ಓದಿದ್ದು ಪುರಾಣ, ಇಲ್ಲಿ ಮಗಳ ಕಾಗದ.

ಮರುದಿನ ಸಂಜೆ ಹುಡುಗಿ ರೊಟ್ಟಿ ಮುಗಿಯುವ ಮೊದಲೇ ಓಡಿ ಬಂದಳು. ಅರಸರ ಕತೆಯನ್ನೆಲ್ಲ ಅವ್ವನಿಗೆ ಹೇಳಿದ್ದಳಂತೆ, ಅವ್ವ ನಕ್ಕು ಮರಿಯ ಹೆಸರು ಹೇಳಿದ್ದಳಂತೆ. ಏನೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಸಣ್ಣವನ ಪಾಟಿ ಕಸಿದುಕೊಂಡು ದುಂಡಗೆ ಮೂರಕ್ಷರ ಬರೆದು ಅವನ ಮುಂದೆಯೇ ಹಿಡಿದಳು. ಅವನು ಬೆರಳಿಟ್ಟ.

"ಅ... ರ... ಸ. ಅರಸ!"

ಒಲೆಯ ಮುಂದಿನಿಂದಲೇ ನಾನು ಹ್ಞೂಂ ಅಂದೆ.